ಮಗಳಿಗೊಂದು ಪತ್ರ: ಕಾಗದದ ಮೇಲೆ ಚಂದ್ರ

ಮುದ್ದು ಮಗಳೇ,

ಜಲವರ್ಣದಲ್ಲಿ ಚಂದ್ರನನ್ನು ಬಿಡಿಸಬೇಕು ಅಂದೆಯಲ್ಲ, ಹುಣ್ಣಿಮೆಯದಕ್ಕೆ ಈಗಲೇ ಕೈ ಹಾಕಬೇಡ. ಆಗ ಸೂರ್ಯನ ಬೆಳಕು ಚಂದ್ರನ ಮೇಲೆ ನೇರವಾಗಿ ಬೀಳುವುದರಿಂದ ಕುಳಿಗಳಿಗೆ ನೆರಳೇ ಇರುವುದಿಲ್ಲ, ಚಿತ್ರ ಚಪ್ಪಟೆಯಾಗುತ್ತದೆ. ಅಷ್ಟಮಿಯ ಅರ್ಧಚಂದ್ರನಿಂದ ಶುರು ಮಾಡು.

ಕಾಗದ 300 ಜಿಎಸ್‌ಎಂನದು (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪದ್ದು), ಕೋಲ್ಡ್ ಪ್ರೆಸ್, ಅಂದರೆ ಮೈ ಸ್ವಲ್ಪ ತರಿತರಿ ಇರುವುದು, ಇರಲಿ. ತೆಳು ಕಾಗದ ನೀರು ಕುಡಿದು ಉಬ್ಬಿದರೆ ತಗ್ಗಿನಲ್ಲೆಲ್ಲ ಬಣ್ಣ ಮಡುಗಟ್ಟುತ್ತದೆ. ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚು. ವೃತ್ತಕ್ಕೆ ಕೈವಾರ ಬೇಡ, ಅದರ ಮುಳ್ಳು ಚುಚ್ಚಿದ ತೂತಿನಲ್ಲಿ ಬಣ್ಣ ಇಳಿದು ಚಂದ್ರನ ನಟ್ಟನಡುವೆ ಕಪ್ಪು ಚುಕ್ಕೆ ನಿಲ್ಲುತ್ತದೆ. ಒಂದು ಡಬ್ಬಿಯ ಮುಚ್ಚಳ ಇಟ್ಟು ಗೆರೆ ಎಳೆ.

ಬೂದು ಬಣ್ಣವನ್ನು ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಎನ್ನುವ ಕೆಂಗಂದು ಸೇರಿಸಿ ನೀನೇ ಮಾಡಿಕೋ. ಅಲ್ಟ್ರಾಮರೀನ್‌ನ ಕಣಗಳು ಕಾಗದದ ಗುಳಿಗಳಲ್ಲಿ ಕೂತು ತರಿತರಿಯಾಗಿ ಒಣಗುತ್ತವೆ. ಚಂದ್ರನ ನೆಲಕ್ಕೆ ಇದಕ್ಕಿಂತ ಒಪ್ಪುವ ಬಣ್ಣ ನನಗೆ ಕಂಡಿಲ್ಲ.

ವೃತ್ತದೊಳಗೆ ಮಾತ್ರ ಶುದ್ಧ ನೀರು ಹಚ್ಚಿ, ಕಾಗದ ಓರೆ ಮಾಡಿ ನೋಡು. ಕನ್ನಡಿಯಂತೆ ಹೊಳೆಯುತ್ತಿದ್ದರೆ ಕಾಯಬೇಕು, ಈಗ ಬಣ್ಣ ಬಿಟ್ಟರೆ ಎಲ್ಲೆಂದರಲ್ಲಿ ಓಡುತ್ತದೆ. ಹೊಳಪು ರೇಷ್ಮೆಯಷ್ಟಕ್ಕೆ ಇಳಿದಾಗ, ನಾವು ಮೊಲ ಎನ್ನುವ ಆ ಕಪ್ಪು ಮಚ್ಚೆಗಳನ್ನು ಕುಂಚದ ತುದಿಯಿಂದ ಇಳಿಬಿಡು. ಅವು ಹಳೆಯ ಲಾವಾ ಬಯಲುಗಳು, ಅಂಚು ಮಂಕಾಗಿದ್ದರೇ ಚೆಂದ. ಬೆಳಕು ಕತ್ತಲೆಗೆ ತಿರುಗುವ ಗಡಿಯನ್ನೂ ಈಗಲೇ ಮೆತ್ತಗೆ ಮಾಡಿಬಿಡು. ಹೊಳಪು ಹೋಗಿ ಕಾಗದ ಇನ್ನೂ ತಣ್ಣಗಿರುವ ಹೊತ್ತಿದೆ ನೋಡು, ಆಗ ಕುಂಚ ಮುಟ್ಟಿಸಲೇಬೇಡ. ಒದ್ದೆ ಕುಂಚ ತಾಗಿದರೆ ನೀರು ಬಣ್ಣವನ್ನು ಹೊರಕ್ಕೆ ತಳ್ಳಿ ಹೂಕೋಸಿನಂಥ ಕಲೆ ಮಾಡುತ್ತದೆ. ಬೆರಳ ಹಿಂಭಾಗ ಮೆಲ್ಲಗೆ ಸೋಕಿಸಿ ನೋಡು, ತಣ್ಣಗಿದ್ದರೆ ಇನ್ನೂ ಒಣಗಿಲ್ಲ ಅಂತ.

ಪೂರ್ತಿ ಒಣಗಿದ ಮೇಲೆ ಕುಳಿಗಳು. ಬೆಳಕು ಬಲದಿಂದ ಬರುತ್ತಿದ್ದರೆ ಕುಳಿಯ ಬಲ ಒಳಗೋಡೆ ಕತ್ತಲು, ಎಡ ಒಳಗೋಡೆ ಬೆಳಕು. ಬಲಗಡೆ ಸಣ್ಣ ಬಿದಿಗೆ ಚಂದ್ರನಂಥ ಗಾಢ ಗೆರೆ ಹಾಕಿ, ಅದರ ಒಳಂಚನ್ನು ತೇವದ ಕುಂಚದಿಂದ ಸವರು. ಎಡದಲ್ಲಿ ಕಾಗದದ ಬಿಳುಪನ್ನು ಹಾಗೇ ಬಿಡು. ಅದಲುಬದಲಾದರೆ ಕುಳಿ ಬೊಕ್ಕೆಯಂತೆ ಉಬ್ಬಿ ಕಾಣುತ್ತದೆ! ನೆರಳುಗಳು ಬೆಳಕು-ಕತ್ತಲೆಯ ಗಡಿಯ ಹತ್ತಿರ ಉದ್ದ, ದೂರ ಹೋದಂತೆ ಗಿಡ್ಡ.

ಆಕಾಶ ಕೊನೆಗೆ. ಒಣಗಿದಾಗ ಬಣ್ಣ ತಿಳಿಯಾಗುವುದರಿಂದ ಬೇಕಾದ್ದಕ್ಕಿಂತ ತುಸು ಗಾಢವಾಗಿ ಕಲೆಸಿಕೋ. ಚಂದ್ರನ ಕತ್ತಲೆ ಭಾಗದೊಳಗೆ ಮಾತ್ರ ನಕ್ಷತ್ರ ಚಿಮುಕಿಸಬೇಡ ಕಂದಾ, ಅಲ್ಲಿ ಚಂದ್ರನೇ ಅಡ್ಡ ಇದ್ದಾನೆ.

ಮುಂದೆ ಗುರುಗ್ರಹ ಬಿಡಿಸಲು ಹೋದಾಗ ದುಂಡು ಮುಚ್ಚಳ ಸಾಲದು, ಗುರು ಪೂರ್ತಿ ದುಂಡಗಿಲ್ಲ. ಅದರ ಅಡ್ಡ ವ್ಯಾಸ ಸುಮಾರು 1,43,000 ಕಿ.ಮೀ., ಧ್ರುವದಿಂದ ಧ್ರುವಕ್ಕೆ ಸುಮಾರು 1,33,700. ಅಂದರೆ 10 ಸೆಂ.ಮೀ. ಅಗಲ ಬರೆದರೆ ಎತ್ತರ 9.4 ಸೆಂ.ಮೀ. ಅಷ್ಟೆ.

ಟೇಪನ್ನು ಚಿತ್ರದಿಂದ ಹೊರಕ್ಕೆ, ಓರೆಯಾಗಿ, ನಿಧಾನ ಎಳೆ. ಕಾಗದದ ಸಿಪ್ಪೆ ಏಳತೊಡಗಿದರೆ ಹೇರ್ ಡ್ರೈಯರಿನಿಂದ ಬಿಸಿ ಮಾಡಿಕೊಂಡು ಎಳೆ.

ನಿನ್ನ,
ಅಮ್ಮ