ಡೆರ್ನಾ ಮರುಭೂಮಿಯ ಊರಲ್ಲ

ಮಾನ್ಯ ಸಂಪಾದಕರೇ,

2023ರ ಸೆಪ್ಟೆಂಬರ್ 10ರ ರಾತ್ರಿ ಲಿಬಿಯಾದ ಡೆರ್ನಾ ನಗರ ಕೊಚ್ಚಿಹೋದ ಪ್ರಸ್ತಾಪ ಬಂದಾಗಲೆಲ್ಲ ‘ಮರುಭೂಮಿಯಲ್ಲಿ ಕಂಡರಿಯದ ಪ್ರವಾಹ’ ಎನ್ನುವುದು ರೂಢಿಯಾಗಿಬಿಟ್ಟಿದೆ. ಇದು ತಪ್ಪು. ಹೀಗೆ ಬರೆದರೆ ಸಾವಿರಾರು ಜನರ ಸಾವಿನ ಹೊಣೆಯನ್ನು ಆಕಾಶದ ತಲೆಗೆ ಕಟ್ಟಿದಂತಾಗುತ್ತದೆ.

ಪೂರ್ವ ಲಿಬಿಯಾದ ಈ ಸೀಮೆಗೆ ಸಿರೆನೈಕಾ ಎಂದು ಹಳೆಯ ಹೆಸರು. ಅರಬ್ಬಿಯಲ್ಲಿ ಬರ್ಕಾ. ಕರಾವಳಿಯ ಬೆನ್ನಿಗೇ 800 ಮೀಟರಿಗೂ ಎತ್ತರದ ಜೆಬೆಲ್ ಅಖ್ದರ್, ಅಂದರೆ ‘ಹಸಿರು ಬೆಟ್ಟ’. ಚಳಿಗಾಲದಲ್ಲಿ ಮೆಡಿಟರೇನಿಯನ್ ಕಡೆಯಿಂದ ಬರುವ ಮೋಡಗಳು ಇಲ್ಲಿ ತಡೆದು ಸುರಿಯುತ್ತವೆ. ನೆತ್ತಿಯ ಮೇಲಿರುವ ಶಹ್ಹಾತ್, ಬೈದಾ ಸುತ್ತ ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ. ಕ್ರಿ.ಪೂ. 631ರ ಸುಮಾರಿಗೆ ಗ್ರೀಕರು ಸಿರೀನ್ ನಗರ ಕಟ್ಟಿದ್ದು ಇಲ್ಲೇ. ‘ಇಲ್ಲಿ ಆಕಾಶಕ್ಕೆ ತೂತು ಬಿದ್ದಿದೆ’ ಎನ್ನುತ್ತ ಸ್ಥಳೀಯರೇ ಅವರನ್ನು ಕರೆತಂದರೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಅವರ ನಾಣ್ಯಗಳ ಮೇಲೆ ಮೆರೆದ ಸಿಲ್ಫಿಯಂ ಈ ಬೆಟ್ಟದ ಕಾಡುಗಿಡ; ಅದರ ರಸವನ್ನು ಅಡುಗೆಗೆ, ಔಷಧಕ್ಕೆ ಬಳಸುತ್ತಿದ್ದರು. ಅದು ನಶಿಸಿದ ಮೇಲೆ ರೋಮನ್ನರು ಇಂಗಿನಲ್ಲೇ ತೃಪ್ತಿಪಡಬೇಕಾಯಿತು.

ಬೆಟ್ಟ ಸುಣ್ಣಕಲ್ಲಿನದು. ಸಾಧಾರಣ ಮಳೆ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ಜಡಿಮಳೆಗೆ ಮಾತ್ರ ವಾಡಿಗಳು, ಎಂದರೆ ಒಣಹಳ್ಳಗಳು, ಉಕ್ಕಿ ಸಮುದ್ರಕ್ಕೆ ಧುಮುಕುತ್ತವೆ. ಅಂಥದೊಂದು ವಾಡಿಯ ಬಾಯಲ್ಲೇ ಡೆರ್ನಾ ಇದೆ. 1941ರಲ್ಲೂ 1959ರಲ್ಲೂ ಅದು ಊರಿಗೆ ನುಗ್ಗಿತ್ತು. ಅದಕ್ಕೆಂದೇ 1970ರ ದಶಕದಲ್ಲಿ ಎರಡು ಅಣೆಕಟ್ಟು ಕಟ್ಟಿದರು: ಮೇಲ್ಗಡೆ ಸುಮಾರು 75 ಮೀಟರ್ ಎತ್ತರದ ಅಬು ಮನ್ಸೂರ್, ಊರಿನ ನೆತ್ತಿಯಲ್ಲಿ 45 ಮೀಟರಿನ ಬಿಲಾದ್. ಮೇಲಿನದರಲ್ಲಿ 2.25 ಕೋಟಿ ಘನ ಮೀಟರ್ ನೀರು ಹಿಡಿಯುತ್ತಿತ್ತು, ಕೆಳಗಿನದರಲ್ಲಿ ಬರೀ 15 ಲಕ್ಷ. ಮೇಲಿನದು ಒಡೆದರೆ ಕೆಳಗಿನದು ಉಳಿಯುವ ಮಾತೇ ಇರಲಿಲ್ಲ.

ಎರಡೂ ಒಂದೇ ಬಗೆಯವು. ನಡುವೆ ಜೇಡಿಮಣ್ಣಿನ ಗೋಡೆ, ಇಕ್ಕೆಲದಲ್ಲಿ ಕಲ್ಲಿನ ರಾಶಿ. ಇಂಥ ಕಟ್ಟೆಯ ಜೀವ ಕೋಡಿಯಲ್ಲಿರುತ್ತದೆ. ಕೋಡಿ ಸಾಲದೆ ನೀರು ಏರಿಯ ಮೇಲೆ ಹತ್ತಿ ಹರಿದರೆ ಹಿಂಬದಿಯ ಕಲ್ಲು ಜಾರತೊಡಗುತ್ತದೆ. ಆಸರೆ ತಪ್ಪಿದ ಜೇಡಿಮಣ್ಣು ಹೆಚ್ಚು ಹೊತ್ತು ನಿಲ್ಲದೆ ಕರಗಿ ಹೋಗುತ್ತದೆ. 2023ರ ಆ ದಿನ ಬೈದಾದಲ್ಲಿ 24 ಗಂಟೆಯಲ್ಲಿ 414 ಮಿ.ಮೀ. ಸುರಿಯಿತು, ಎರಡೂ ಕಟ್ಟೆ ಒಡೆದವು. ಅಪರೂಪದ ಮಳೆ, ನಿಜ. ಆದರೆ ಕಟ್ಟೆಗಳಲ್ಲಿ ಬಿರುಕು ಕಂಡದ್ದು 1998ರಲ್ಲಿ. ದುರಸ್ತಿ 2011ರ ಗಲಭೆಯೊಂದಿಗೆ ನಿಂತದ್ದು ಮತ್ತೆ ಶುರುವಾಗಲಿಲ್ಲ. ದೊಡ್ಡ ಪ್ರವಾಹ ಬಂದರೆ ಊರು ಉಳಿಯದೆಂದು ಅಲ್ಲಿನ ಜಲತಜ್ಞರೊಬ್ಬರು 2022ರಲ್ಲಿ ಬರೆದೇ ಇದ್ದರು.

ದುಡ್ಡಿರಲಿಲ್ಲ ಎನ್ನುವಂತೆಯೂ ಇಲ್ಲ. ಇದೇ ಕರಾವಳಿಯ ಬ್ರೆಗಾ ಬಂದರಿನಿಂದ 1961ರಿಂದ ತೈಲ ಹೊರಹೋಗುತ್ತಿದೆ. ಆ ಹಣದಲ್ಲಿ 4 ಮೀಟರ್ ವ್ಯಾಸದ ಕಾಂಕ್ರೀಟ್ ಕೊಳವೆ ಹೂತು, ಮರಳುಗಾಡಿನಡಿಯ ನೀರನ್ನು 1991ರಲ್ಲಿ ಬೆಂಗಾಜಿಗೆ ತಂದ ದೇಶವಿದು.

2024ರ ಜುಲೈನಲ್ಲಿ ಅಲ್ಲಿನ ನ್ಯಾಯಾಲಯ ಈ ಕಟ್ಟೆಗಳ ವಿಚಾರದಲ್ಲಿ 12 ಅಧಿಕಾರಿಗಳಿಗೆ ಜೈಲು ಶಿಕ್ಷೆ ವಿಧಿಸಿತು. ಮುಂದೆ ಡೆರ್ನಾ ಬಗ್ಗೆ ಬರೆಯುವಾಗ ಮಳೆಯ ಲೆಕ್ಕದ ಜೊತೆಗೆ ಈ ತೀರ್ಪನ್ನೂ ದಯವಿಟ್ಟು ಸೇರಿಸಿ.

ಇತಿ,
ಒಬ್ಬ ಓದುಗ