ಬಣ್ಣ ಕೊನೆಗೆ: ಮಗಳಿಗೊಂದು ಪತ್ರ

ಮೈಸೂರು
ಧನುರ್ಮಾಸ, 2025

ಚಿ. ಸೌ. ಪುಟ್ಟಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದಗಳು.

ನಾನಿಲ್ಲಿ ಕ್ಷೇಮ. ಭಾನುವಾರ ಫೋನಿನಲ್ಲಿ ನೀನು, ಮಾವನವರ ಧಾರವಾಡದ ಮನೆ ಮಾರುವುದೆಂದು ತೀರ್ಮಾನವಾಗಿದೆ, ಬಣ್ಣದವನಿಗೆ ಮುಂಗಡ ಕೊಟ್ಟೂ ಆಯಿತು ಎಂದೆ. ಆಗ ನಾನು ಏನೂ ಹೇಳಲಿಲ್ಲ. ಪಕ್ಕದಲ್ಲಿ ಅಳಿಯಂದಿರ ದನಿ ಕೇಳಿಸುತ್ತಿತ್ತು. ಮಗಳ ಮನೆಯ ವ್ಯವಹಾರದಲ್ಲಿ ತಾಯಿ ಬಾಯಿ ಹಾಕಿದಳು ಎನ್ನಿಸಿಕೊಳ್ಳುವ ಆಸೆ ನನಗಿಲ್ಲ. ಆದರೆ ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೇ ಈ ಕಾಗದ. ಓದಿ, ಹೇಳಬೇಕೆನ್ನಿಸಿದ್ದನ್ನು ನಿನ್ನ ಮಾತೆಂದೇ ಅವರಿಗೆ ಹೇಳು.

ಮೊದಲನೆಯದಾಗಿ, ಬಣ್ಣದವನಿಗೆ ಯುಗಾದಿ ಕಳೆದ ಮೇಲೆ ಬಾ ಎನ್ನು.

ಇಲ್ಲಿನ ನಮ್ಮ ಸರಸ್ವತಿಪುರಂ ಮನೆ 2019ರಲ್ಲಿ ಮಾರಾಟವಾಯಿತು ಎನ್ನುವುದಷ್ಟೇ ನಿನಗೆ ಗೊತ್ತು. ಅದಕ್ಕೂ ಹಿಂದಿನ ವರ್ಷ ಆ ಮಾರಾಟ ಎರಡು ಸಲ ಕೈತಪ್ಪಿ ಹೋಗಿತ್ತು, ಒಂದು ಸಲವಂತೂ ನಾನೇ ಮಾಡಿದ ಕಳ್ಳತನದಿಂದ. ಇದನ್ನು ನಿನಗಾಗಲಿ ನಿನ್ನ ತಮ್ಮನಿಗಾಗಲಿ ಹೇಳಿಲ್ಲ. ಅಡುಗೆಮನೆ ಪಕ್ಕದ ಉಗ್ರಾಣದ ಗೋಡೆ ಮಳೆಗಾಲದಲ್ಲಿ ಬೆವರುತ್ತಿದ್ದುದು ನೆನಪಿದೆಯಲ್ಲ, ಅಲ್ಲಿಟ್ಟ ಹಪ್ಪಳವೆಲ್ಲ ಮೆತ್ತಗಾಗುತ್ತಿತ್ತು. ನಿಮ್ಮ ಅಪ್ಪ ವರ್ಷಕ್ಕೊಮ್ಮೆ ಸುಣ್ಣ ಬಳಿಸಿ ಸುಮ್ಮನಾಗುತ್ತಿದ್ದರು. ಮಾರಲು ಹೊರಟಾಗ ನಾನು ಅವರಿಗಿಂತ ಜಾಣೆಯಾದೆ. ಪುಟ್ಟಿ ಹಚ್ಚಿಸಿ, ಇಡೀ ಮನೆಗೆ ಕೆನೆಬಣ್ಣ ಹೊಡೆಸಿದೆ. (ಗೋಡೆಗೆ ಮೆತ್ತುವ ಆ ಹಿಟ್ಟಿಗೆ ನಿನ್ನ ಹೆಸರು ಯಾರಿಟ್ಟರೋ! ಬಣ್ಣದವನು "ಪುಟ್ಟಿ ಸಾಲದಮ್ಮ, ಇನ್ನೊಂದು ಚೀಲ ತರಿಸಿ" ಎಂದಾಗಲೆಲ್ಲ ನಗು ಬರುತ್ತಿತ್ತು.)

ಮೊದಲು ನೋಡಲು ಬಂದದ್ದು ಕೆಲಸಕ್ಕೆ ಸೇರಿ ಐದಾರು ವರ್ಷವಾಗಿದ್ದ ಒಬ್ಬ ಹುಡುಗ ಮತ್ತು ಅವನ ತಂದೆ. ತಂದೆ ಗಾರೆ ಕೆಲಸ ಮಾಡಿ ಮಗನನ್ನು ಓದಿಸಿದವರು. ಅವರು ಹಜಾರ ನೋಡಲಿಲ್ಲ, ದೇವರಮನೆ ನೋಡಲಿಲ್ಲ. ನೇರವಾಗಿ ಉಗ್ರಾಣಕ್ಕೆ ಹೋಗಿ ಗೋಡೆಗೆ ಬೆರಳ ಗೆಣ್ಣಿನಿಂದ ಕುಟ್ಟಿದರು, ಅಂಗೈ ಒತ್ತಿ ಸ್ವಲ್ಪ ಹೊತ್ತು ಹಾಗೇ ನಿಂತರು. "ಇಲ್ಲಿ ನೀರಿದೆಯಲ್ಲ ತಾಯಿ?" ಎಂದರು. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಪಾಠ ಮಾಡಿದ ನಾನು "ಇಲ್ಲ" ಎಂದುಬಿಟ್ಟೆ. ಅವರು ವಾದಿಸಲಿಲ್ಲ. ಆದರೆ ಆಮೇಲೆ ಸಂಪು ಸೋರುತ್ತದೆಯೇ, ಒಳಚರಂಡಿ ಕಟ್ಟಿಕೊಳ್ಳುತ್ತದೆಯೇ ಎಂದು ಅವರು ಕೇಳಿದ್ದಕ್ಕೆ ನಾನು ನಿಜ ಹೇಳಿದರೂ ಅವರ ಮುಖದಲ್ಲಿ ಅದು ಸುಳ್ಳಾಗಿಯೇ ಕಾಣಿಸುತ್ತಿತ್ತು. ಕಾಫಿ ಕುಡಿದು ಹೋದವರು ಮತ್ತೆ ಬರಲಿಲ್ಲ.

ಮರುವಾರ ಮೇಸ್ತ್ರಿಯನ್ನು ಕರೆಸಿದೆ. ಉಗ್ರಾಣದ ನೇರಕ್ಕೆ ತಾರಸಿಯ ಮೂಲೆಯಲ್ಲಿ ನೀರು ಇಳಿಯುವ ಕೊಳವೆ ಎಲೆ ಕಸದಿಂದ ಕಟ್ಟಿಕೊಂಡಿತ್ತು, ಅಲ್ಲಿ ನಿಂತ ನೀರು ಬಿರುಕಿಗೆ ಇಳಿಯುತ್ತಿತ್ತು. ನಾಲ್ಕು ದಿನದ ಕೆಲಸ. ಬಣ್ಣಕ್ಕೆ ಸುರಿದದ್ದರ ಕಾಲುಭಾಗವೂ ಖರ್ಚಾಗಲಿಲ್ಲ. ಆಮೇಲೆ ಆ ಗೋಡೆಗೆ ಬಣ್ಣ ಬಳಿಸಲೇ ಇಲ್ಲ. ಬಂದವರಿಗೆಲ್ಲ ಅದನ್ನೇ ಮೊದಲು ತೋರಿಸಿ, ಇಲ್ಲಿ ಸೋರುತ್ತಿತ್ತು, ಹೀಗೆ ರಿಪೇರಿ ಮಾಡಿಸಿದೆ, ಒಂದು ಮಳೆ ನೋಡಿಯೇ ಬನ್ನಿ ಎನ್ನುತ್ತಿದ್ದೆ. ಬ್ರೋಕರ್ ತಲೆ ಚಚ್ಚಿಕೊಳ್ಳುತ್ತಿದ್ದ.

ನಿಮ್ಮದು ಹಂಚಿನ ಮನೆ. ಒಡೆದ ಹಂಚು ಬದಲಾಯಿಸುವುದು, ತೊಲೆ ಜಂತಿಗಳಿಗೆ ಗೆದ್ದಲು ಹಿಡಿದಿದೆಯೇ ಎಂದು ಬಡಗಿಯಿಂದ ನೋಡಿಸುವುದು, ಇವೆರಡು ಅಡ್ಡಮಳೆ ಶುರುವಾಗುವ ಮುಂಚೆ ಆಗಬೇಕು. ಅಡುಗೆಮನೆಗೆ ಹೊಸ ಕಪಾಟು, ಬಚ್ಚಲಿಗೆ ಹೊಸ ಟೈಲ್ಸ್ ಎಂದೆಲ್ಲ ನಿನ್ನ ಮೈದುನ ಹೇಳುತ್ತಾನೆಂದೆಯಲ್ಲ, ಬೇಡ. ಕೊಂಡವರು ಮೊದಲು ಒಡೆಯುವುದೇ ಅಡುಗೆಮನೆ ಮತ್ತು ಬಚ್ಚಲನ್ನು. ಅದರ ಬದಲು ಅಟ್ಟ ಖಾಲಿ ಮಾಡಿಸು, ಉರಿಯದ ಬಲ್ಬು ಬದಲಾಯಿಸು, ತೊಟ್ಟಿಕ್ಕುವ ನಲ್ಲಿ ಸರಿಮಾಡಿಸು. ಸಾಮಾನು ತುಂಬಿದ ಕೋಣೆ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಮೊಬೈಲಿನಲ್ಲಿ ದಿಕ್ಸೂಚಿ ಹಿಡಿದು ವಾಸ್ತು ನೋಡುವವರು ಬಂದೇ ಬರುತ್ತಾರೆ. ಅವರ ಜೊತೆ ತರ್ಕ ಮಾಡಬೇಡ, ಮಜ್ಜಿಗೆ ಕೊಟ್ಟು ಕಳಿಸು.

ಎರಡನೆಯ ಸಲ ಕೈತಪ್ಪಿದ್ದು ಕಾಗದದಿಂದ. ಬೆಲೆ ಕುದುರಿತ್ತು, ಕೊಳ್ಳುವವರಿಗೆ ಸಾಲ ಕೊಡಬೇಕಾದ ಬ್ಯಾಂಕಿನ ವಕೀಲರು ಋಣಭಾರ ಪ್ರಮಾಣಪತ್ರ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಸಾಲ, ಕ್ರಯಗಳ ಪಟ್ಟಿ, ಕೇಳಿದರು. ತೆಗೆಸಿದರೆ, 1984ರಲ್ಲಿ ಮನೆ ಕಟ್ಟಲು ನಿಮ್ಮ ಅಪ್ಪ ಮಾಡಿದ ಸಾಲದ ಅಡಮಾನ ಹಾಗೇ ನಿಂತಿದೆ! ಸಾಲ ತೀರಿ ಇಪ್ಪತ್ತು ವರ್ಷ ದಾಟಿತ್ತು. ಕೊನೆಯ ಕಂತಿನ ರಸೀದಿಯನ್ನು ಅವರು ದೇವರ ಫೋಟೋ ಹಿಂದೆ ಜೋಪಾನವಾಗಿ ಇಟ್ಟಿದ್ದರು. ಆದರೆ ಸಾಲ ತೀರಿತೆಂದು ಖುಲಾಸೆ ಪತ್ರ ಬರೆಸಿ ನೋಂದಣಿ ಮಾಡಿಸುವುದನ್ನು ಮರೆತಿದ್ದರು. ನೋಂದಣಿ ಕಚೇರಿಯ ಲೆಕ್ಕದಲ್ಲಿ ರಸೀದಿಗೆ ಬೆಲೆಯಿಲ್ಲ. ಸಾಲ ಕೊಟ್ಟವರ ಹಳೆಯ ಲೆಡ್ಜರು ಹುಡುಕಿಸಿ ಆ ಪತ್ರ ಪಡೆಯುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಕೊಳ್ಳುವವರು ರಾಮಕೃಷ್ಣನಗರದಲ್ಲಿ ಬೇರೆ ಮನೆಗೆ ಮುಂಗಡ ಕೊಟ್ಟಾಗಿತ್ತು.

ಆದ್ದರಿಂದ ಈಗಲೇ ಋಣಭಾರ ಪತ್ರ ತೆಗೆಸಿ. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ, ಅದಕ್ಕೂ ಹಿಂದಿನದನ್ನು ಉಪನೋಂದಣಾಧಿಕಾರಿ ಕಚೇರಿಯ ಪುಸ್ತಕಗಳಲ್ಲಿ ಹುಡುಕಿಸಬೇಕು. ನಮ್ಮ ಕಡೆ ಎಲ್ಲದಕ್ಕೂ ಖಾತೆ ಖಾತೆ ಎನ್ನುತ್ತೇವೆ. ಧಾರವಾಡದ ಕಡೆ ಸಿಟಿ ಸರ್ವೆ ಉತಾರ (ಮಾಲೀಕರ ಹೆಸರಿರುವ ದಾಖಲೆ) ಕೇಳುತ್ತಾರೆ, ಅದರಲ್ಲಿ ಇನ್ನೂ ನಿನ್ನ ಮಾವನವರ ಹೆಸರೇ ಇದ್ದರೆ ವಾರಸಾ ಮಾಡಿಸದೆ, ಅಂದರೆ ವಾರಸುದಾರರ ಹೆಸರಿಗೆ ಬದಲಾಯಿಸದೆ, ಮುಂದೆ ಹೆಜ್ಜೆ ಇಡಲಾಗದು. ಪಾಲಿಕೆಯ ಇ-ಖಾತೆಯೂ ಬೇಕು. 2024ರ ಅಕ್ಟೋಬರ್‌ನಿಂದ ಅದಿಲ್ಲದೆ ನೋಂದಣಿಯೇ ಆಗುವುದಿಲ್ಲ. ಕ್ರಯಪತ್ರದಲ್ಲಿ ಬರೆದ ಚಕ್ಕುಬಂದಿಯನ್ನು (ನಾಲ್ಕೂ ದಿಕ್ಕಿನ ಗಡಿಯ ವಿವರ) ಕೈಯಲ್ಲಿ ಹಿಡಿದು ಮನೆ ಸುತ್ತ ಒಂದು ಸುತ್ತು ಬಾ. ಉತ್ತರಕ್ಕೆ ಖಾಲಿ ಜಾಗ ಎಂದು ಬರೆದ ಕಡೆ ಇವತ್ತು ಮೂರಂತಸ್ತಿನ ಕಟ್ಟಡವಿರಬಹುದು. ಉದ್ದ ಅಗಲವನ್ನೂ ಟೇಪು ಹಿಡಿದು ಅಳೆಯಿಸು. ಕೊಳ್ಳುವವರು ಅಳೆಯುವ ಮುಂಚೆ ನಿಮಗೆ ಗೊತ್ತಿರಲಿ. ಧನುರ್ಮಾಸದಲ್ಲಿ ಹೇಗೂ ಯಾರೂ ಮುಂಗಡ ಕೊಡುವುದಿಲ್ಲ, ಸಂಕ್ರಾಂತಿಯವರೆಗಿನ ದಿನಗಳನ್ನು ಇದಕ್ಕೇ ಇಟ್ಟುಕೊಳ್ಳಿ.

ಇನ್ನು ನಾನು ನಿದ್ದೆಗೆಟ್ಟದ್ದು ಯಾವುದಕ್ಕೆಂದರೆ, ಅಷ್ಟು ಹೊತ್ತು ಮಾತಾಡಿದರೂ ನಿನ್ನ ನಾದಿನಿಯ ಹೆಸರು ಒಮ್ಮೆಯೂ ಬರಲಿಲ್ಲ. ಅವಳಿಗೆ ಹೇಳಿದ್ದೀರಾ? ಮಾವನವರು ವಿಲ್ ಬರೆದಿಟ್ಟಿರಲಿಲ್ಲ ಎಂದು ನೀನೇ ಹಿಂದೆ ಹೇಳಿದ್ದೆ. ಮನೆ ಅವರ ಸ್ವಯಾರ್ಜಿತ. ಹಾಗಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ನಿನ್ನ ಅತ್ತೆ, ಇಬ್ಬರು ಗಂಡುಮಕ್ಕಳು, ಒಬ್ಬಳು ಹೆಣ್ಣುಮಗಳು, ನಾಲ್ವರಿಗೂ ಸಮಪಾಲು. ಮದುವೆ ಮಾಡಿ ಕೊಟ್ಟಾಗಿದೆ, ಬಂಗಾರ ಹಾಕಿದ್ದೇವೆ ಎನ್ನುವುದೆಲ್ಲ ಜಗಲಿಯ ಮಾತು. ಬೆಳಗಾವಿಯಿಂದ ಅವಳು ಬಂದು ಸಹಿ ಹಾಕದೆ ಆ ಮನೆಯ ಒಂದು ಹಂಚೂ ಮಾರಾಟವಾಗದು. ವಕೀಲರು ವಂಶವೃಕ್ಷ ಕೇಳಿದ ದಿನ ಅವಳ ನೆನಪಾಗಿ, "ಒಂದು ಸಹಿ ಬೇಕಿತ್ತು" ಎಂದು ಫೋನು ಮಾಡಿದರೆ ಅವಳಿಗೆ ಹೇಗಾಗಬೇಕು? ನೀನೂ 2019ರಲ್ಲಿ ಪುಣೆಯಿಂದ ಬಂದು, ಹೆಬ್ಬೆಟ್ಟು ಕೊಟ್ಟು, ಅದೇ ರಾತ್ರಿ ಬಸ್ಸು ಹತ್ತಿದವಳು. ಆದರೆ ಮಾರುವ ಯೋಚನೆ ಬಂದ ದಿನವೇ ನಾನು ನಿನಗೆ ಫೋನು ಮಾಡಿದ್ದೆ, ನಿನ್ನ ಪಾಲು ನಿನ್ನ ಖಾತೆಗೇ ಬಂತು. ಅವಳಾಗಿ ಬೇಡವೆಂದರೆ ಹಕ್ಕು ಬಿಡುಗಡೆ ಪತ್ರ ಬರೆದುಕೊಡಲಿ, ಅದು ಅವಳಿಷ್ಟ. ನೀವು ಬಾಯಿಬಿಟ್ಟು ಕೇಳಬೇಡಿ. ಆ ಮನೆಯಲ್ಲಿ ನಿನಗೆ ಸ್ವಂತಕ್ಕೆ ಪಾಲಿಲ್ಲ ನೋಡು, ಆದ್ದರಿಂದ ಅವಳ ಪರವಾಗಿ ಮಾತಾಡಲು ನೀನೇ ಸರಿ.

ಬೀಗಿತ್ತಿಯವರನ್ನೂ ಕೇಳಿದಿರೋ, ತಿಳಿಸಿದಿರೋ? ಎರಡೂ ಬೇರೆ ಬೇರೆ. ನಾನಾದರೂ ನಾನಾಗಿಯೇ ಮಾರಲು ಹೊರಟವಳು. ಆದರೂ ನೋಡಲು ಬಂದವರು "ಈ ಗೋಡೆ ಒಡೆದರಾಯಿತು" ಎಂದಾಗ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ಜನ ನೋಡಲು ಬರುವ ದಿನ ಅವರನ್ನು ಯಾರಾದರೂ ಗುಡಿಗೋ ನೆಂಟರ ಮನೆಗೋ ಕರೆದುಕೊಂಡು ಹೋಗಲಿ.

ಬೆಲೆಯ ವಿಚಾರ ಹೆಚ್ಚು ಹೇಳುವುದಿಲ್ಲ. ಪಕ್ಕದ ಮನೆಯವರು ಇಷ್ಟಕ್ಕೆ ಮಾರಿದೆವು ಎಂದು ಹೇಳುವ ಅಂಕಿಯಲ್ಲಿ ಅರ್ಧ ಅವರ ಅಭಿಮಾನವಿರುತ್ತದೆ. ಅದೇ ಬೀದಿಯಲ್ಲಿ ಈಚೆಗೆ ಸಾಲ ತೆಗೆದು ಕೊಂಡವರ ಮನೆಗೆ ಬ್ಯಾಂಕು ಎಷ್ಟು ಮೌಲ್ಯ ಕಟ್ಟಿತು ಎಂದು ವಿಚಾರಿಸಿದರೆ ನಿಜ ಹೊರಬೀಳುತ್ತದೆ. ನಮ್ಮ ನಲವತ್ತು ಅರವತ್ತರ ನಿವೇಶನಕ್ಕೆ ಬೆಲೆ ಕಟ್ಟಿದರೇ ಹೊರತು ಕಟ್ಟಡಕ್ಕೆ ಹೆಚ್ಚೇನೂ ಕಟ್ಟಲಿಲ್ಲ. ನಿಮ್ಮ ಅಪ್ಪ ಎದುರಿಗೆ ಕೂತು ಕೆತ್ತಿಸಿದ ತೇಗದ ಬಾಗಿಲಿಗೆ ಸೊನ್ನೆ. ಇನ್ನೊಂದು ಮಾತು, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಶೇ 5ರ ಮುದ್ರಾಂಕ, ಅದರ ಮೇಲಿನ ಸೆಸ್ಸು ಬೇರೆ. ಕಟ್ಟುವವರು ಕೊಳ್ಳುವವರೇ ಆದರೂ ಅದರ ಭಾರ ಚೌಕಾಸಿಯಲ್ಲಿ ನಿಮ್ಮ ತಲೆಗೇ ಬರುತ್ತದೆ. ಒಂದಿಷ್ಟು ಬಿಡಲು ಜಾಗವಿಟ್ಟುಕೊಂಡೇ ಬೆಲೆ ಹೇಳಿ.

ಕೈಗೆ ಸ್ವಲ್ಪ, ಕಾಗದದ ಮೇಲೆ ಸ್ವಲ್ಪ ಎನ್ನುವವರು ಬರುತ್ತಾರೆ. ನನ್ನ ಹತ್ತಿರವೂ ಚೀಲ ಹಿಡಿದೇ ಒಬ್ಬರು ಬಂದಿದ್ದರು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳುವುದು ಕೊಟ್ಟವರಿಗಲ್ಲ, ತೆಗೆದುಕೊಂಡವರಿಗೆ. ಮುಂಗಡವನ್ನೂ ಚೆಕ್ಕಿನಲ್ಲೇ ಪಡೆದು, ಕ್ರಯದ ಕರಾರಿನಲ್ಲಿ ಬಾಕಿ ಎಷ್ಟು ದಿನದೊಳಗೆ, ತಪ್ಪಿದರೆ ಮುಂಗಡದ ಗತಿಯೇನು, ಸ್ವಾಧೀನ ಯಾವತ್ತು ಎನ್ನುವ ಮೂರನ್ನೂ ಸ್ಪಷ್ಟವಾಗಿ ಬರೆಸಿ. ಪೂರ್ತಿ ಹಣ ಖಾತೆಗೆ ಬರುವವರೆಗೆ ಬೀಗದ ಕೈ ಕೊಡಬೇಡಿ, ಎಷ್ಟೇ ಒಳ್ಳೆಯವರಿರಲಿ.

ಮಾರಿದ ಲಾಭದ ಮೇಲಿನ ತೆರಿಗೆ ಲೆಕ್ಕಕ್ಕೆ ಲೆಕ್ಕಪರಿಶೋಧಕರನ್ನು ಈಗಲೇ ಹಿಡಿಯಿರಿ, ಮಾರಿದ ಮೇಲಲ್ಲ. ನನ್ನ ಕಾಲದಲ್ಲಿ ಹಣದುಬ್ಬರ ಕಳೆದು ಉಳಿದ ಲಾಭಕ್ಕೆ ಶೇ 20 ಇತ್ತು. 2024ರ ಜುಲೈ 23ರಿಂದ ಹಣದುಬ್ಬರದ ವಿನಾಯಿತಿಯಿಲ್ಲದೆ ಶೇ 12.5. ಅದಕ್ಕೂ ಹಿಂದಿನ ಆಸ್ತಿಗೆ, ದೇಶದಲ್ಲೇ ವಾಸವಿರುವವರು ಹಳೆಯ ಲೆಕ್ಕದಲ್ಲಿ ಕಡಿಮೆ ಬಂದರೆ ಅಷ್ಟನ್ನೇ ಕಟ್ಟಬಹುದು. ಮಾವನವರು ಕಟ್ಟಿಸಿದ್ದು 2001ಕ್ಕೂ ಮುಂಚೆಯಾದ್ದರಿಂದ ಆ ವರ್ಷದ ಏಪ್ರಿಲ್ 1ರ ಬೆಲೆಯನ್ನು ಅಸಲೆಂದು ಹಿಡಿಯಲು ಬರುತ್ತದೆ. ನಾಲ್ವರ ಲೆಕ್ಕವೂ ಬೇರೆ ಬೇರೆ: ಯಾರಾದರೂ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ, ಇಲ್ಲವೇ ಆರು ತಿಂಗಳೊಳಗೆ ಅದಕ್ಕೆಂದೇ ಇರುವ ಬಾಂಡುಗಳಲ್ಲಿ 50 ಲಕ್ಷದವರೆಗೆ ಹಾಕಿದರೆ ಅವರ ಪಾಲಿಗೆ ರಿಯಾಯಿತಿ ಸಿಗುತ್ತದೆ. ಬಾಂಡಿನ ಹಣ ಐದು ವರ್ಷ ಕೈಗೆ ಬಾರದು, ಅದನ್ನು ಬೀಗಿತ್ತಿಯವರಿಗೆ ಬಿಡಿಸಿ ಹೇಳಿ. ಅವರ ಪ್ಯಾನ್‌ಗೆ ಆಧಾರ್ ಜೋಡಣೆಯಾಗಿದೆಯೇ ನೋಡು. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ 1 ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟುತ್ತಾರೆ; ಜೋಡಣೆಯಿಲ್ಲದಿದ್ದರೆ ಆ ಒಂದು ಇಪ್ಪತ್ತಾಗುತ್ತದೆ.

ನೋಂದಣಿಯ ದಿನ ನಾನು ಬೆಳಗಿನಿಂದ ಸಂಜೆಯವರೆಗೆ ಮರದ ಬೆಂಚಿನ ಮೇಲೆ ಕೂತಿದ್ದೆ. ಈಗ ಕಾವೇರಿ 2.0ರಲ್ಲಿ ಪತ್ರದ ಕರಡು ಮೊದಲೇ ಕಳಿಸಿ, ಶುಲ್ಕ ಕಟ್ಟಿ, ಸಮಯ ಗೊತ್ತುಮಾಡಿಕೊಂಡೇ ಹೋಗುತ್ತಾರಂತೆ. ಆದರೂ ಬೀಗಿತ್ತಿಯವರಿಗೆ ಎರಡು ಬಾಳೆಹಣ್ಣು, ನೀರಿನ ಬಾಟಲಿ ಇಟ್ಟುಕೋ. ವಯಸ್ಸಾದವರ ಬೆರಳಚ್ಚು ಯಂತ್ರಕ್ಕೆ ಬೇಗ ಹತ್ತುವುದಿಲ್ಲ. ನನ್ನ ಹೆಬ್ಬೆಟ್ಟನ್ನು ಆರು ಸಲ ಒರೆಸಿ ಒತ್ತಿಸಿದ್ದರು.

ಸಂಕ್ರಾಂತಿಗೆ ಎಳ್ಳುಬೆಲ್ಲ ಕಲಸಿ ಕಳಿಸುತ್ತೇನೆ. ನಾದಿನಿಯ ಬೆಳಗಾವಿ ವಿಳಾಸ ನನ್ನ ಹತ್ತಿರ ಇಲ್ಲ, ಬರೆದು ಕಳಿಸು. ಅವಳಿಗೂ ಒಂದು ಪೊಟ್ಟಣ ಹಾಕಬೇಕು. ಅದು ಅವಳ ಕೈ ಸೇರುವ ಮುಂಚೆ ನಿನ್ನ ಫೋನು ಹೋಗಿರಲಿ.

ಇಂತಿ,
ನಿನ್ನ ಅಮ್ಮ