ಝೀರೋಗೆ ಕೈ ಹಾಕುವ ಮೊದಲು

ಪ್ರೀತಿಯ ಪುಟ್ಟಿ,

ನೀನು ಗುಜರಿಯಲ್ಲಿ ಕೊಂಡು ಮಾವನ ಕೈಲಿ ಕಳಿಸಿದ ಮೈಕ್ರೋಮೀಟರ್ (ಸ್ಕ್ರೂ ತಿರುಗಿಸಿ ಸಣ್ಣ ಅಳತೆ ತೆಗೆಯುವ ಸಾಧನ) ಬಂತು. ಬಾಯಿ ಮುಚ್ಚಿದರೆ ಝೀರೋ ಸರಿಯಾಗಿದೆ, ಆದ್ರೆ ಥಿಂಬಲ್ (ತಿರುಗಿಸುವ, ಗೀಟು ಹಾಕಿದ ತೋಳು) ಬಿಗಿ, ಅಳತೆ ಒಂದೊಂದು ಸಲ ಒಂದೊಂದು ಥರ ಬರುತ್ತೆ ಅಂತ ಚೀಟಿಯಲ್ಲಿ ಬರೆದಿದ್ದೀಯ. ಏನನ್ನೂ ಬಿಚ್ಚದೆ ಹಾಗೇ ಕಳಿಸಿದ್ದು ನನಗೆ ತುಂಬಾ ಹಿಡಿಸಿತು. ಹಳೇ ಸಾಮಾನು ಕೈಗೆ ಬಂದ ಕೂಡಲೇ ಎಷ್ಟೋ ಜನ ಕೀ ಹಾಕಿ ಬ್ಯಾರೆಲ್ (ಥಿಂಬಲ್ ಒಳಗಿನ ಗೀಟು ಹಾಕಿದ ಕೊಳವೆ) ತಿರುಗಿಸಿ ಝೀರೋ ಕೂರಿಸಿಬಿಡುತ್ತಾರೆ. ಹಾಗೆ ಮಾಡಿದರೆ ತಪ್ಪು ಎಲ್ಲಿತ್ತು ಅನ್ನೋ ಗುರುತೇ ಅಳಿಸಿಹೋಗುತ್ತದೆ. ಇದಕ್ಕೂ ಯಾರೋ ಅದನ್ನೇ ಮಾಡಿದ್ದಾರೆ. ಬ್ಯಾರೆಲ್‌ನ ಸಣ್ಣ ತೂತಿನ ಸುತ್ತ ಕೀ ಜಾರಿದ ಹೊಸ ಗೀರುಗಳಿವೆ, ಬೆಳಕಿಗೆ ಹಿಡಿದು ನೋಡು.

ನಾನು ಮೊದಲು ಮಾಡಿದ್ದು ಅಳೆಯುವ ಎರಡು ಮುಖ ಒರೆಸುವ ಕೆಲಸ, ಒಂದು ಕದಲದ ಆನ್ವಿಲ್‌ದು, ಇನ್ನೊಂದು ಥಿಂಬಲ್ ಜೊತೆ ಓಡಾಡುವ ಸ್ಪಿಂಡಲ್‌ದು. ಆನ್ವಿಲ್‌ಗೂ ಸ್ಪಿಂಡಲ್‌ಗೂ ನಡುವೆ ಒಂದು ಬಿಳಿ ಹಾಳೆ ಇಟ್ಟು, ರ‍್ಯಾಚೆಟ್ (ಒಂದೇ ಒತ್ತಡ ಕೊಡುವ ತುದಿಯ ತಿರುಪು) ತಿರುಗಿಸಿ ಮೆತ್ತಗೆ ಹಿಡಿಸಿ, ಹಾಳೆಯನ್ನು ನಿಧಾನಕ್ಕೆ ಎಳೆದೆ. ಕಪ್ಪು ಪಟ್ಟೆ ಬಂತು. ಹಾಳೆಯ ಬೇರೆ ಜಾಗದಲ್ಲಿ ಹಿಡಿಸಿ ಮತ್ತೆ ಎಳೆದೆ, ಪಟ್ಟೆ ತಿಳಿಯಾಯಿತು. ಹಾಳೆ ಬೆಳ್ಳಗೇ ಬರುವವರೆಗೆ ಎಳೆದು, ಆಮೇಲೆ ಮುಖಗಳನ್ನು ಕೂಡಿಸಿ ನೋಡಿದರೆ ಝೀರೋ ಒಂದು ಗೀಟು ಕೆಳಗೆ ಹೋಗಿತ್ತು. ಅಂದ್ರೆ ಅವರು ಝೀರೋ ಕೂರಿಸಿದ್ದು ಕೊಳೆಯ ಮೇಲೆ! ನಿನ್ನ ಅಳತೆಯಲ್ಲಿ 0.01 ಮಿ.ಮೀ. ಅಲ್ಲೇ ಹೋಗುತ್ತಿತ್ತು. ಆಗಲೂ ನಾನು ಕೀ ಮುಟ್ಟಲಿಲ್ಲ. ಗುರುತು ಹಾಕಿಕೊಂಡೆ ಅಷ್ಟೇ.

ಆಮೇಲೆ ಬಿಗಿ ಯಾಕೆ ಅಂತ ನೋಡಿದೆ. ಸ್ಪಿಂಡಲ್ ಹಿಡಿದು ನಿಲ್ಲಿಸುವ ಲಾಕ್ ಪೂರ್ತಿ ಬಿಟ್ಟಿದೆ. ಥಿಂಬಲ್ ತಿರುಗಿಸುವಾಗ ಅದಕ್ಕೂ ಬ್ಯಾರೆಲ್‌ಗೂ ನಡುವಿನ ಸಂದು ಸುತ್ತಲೂ ಒಂದೇ ಸಮ ಇದೆ, ಹಾಗಾಗಿ ಸ್ಪಿಂಡಲ್ ಬಗ್ಗಿಲ್ಲ. ಇದು ನಿನ್ನ ಪುಣ್ಯ ಕಣೇ, ಬಗ್ಗಿದ್ದರೆ ಅದನ್ನು ಹಾಗೇ ಎತ್ತಿಡಬೇಕಾಗಿತ್ತು. ಸ್ಪಿಂಡಲ್ ಪೂರ್ತಿ ಹೊರಗೆ ತೆಗೆದರೆ ಥ್ರೆಡ್‌ನಲ್ಲಿ ಹಳೇ ಎಣ್ಣೆ ಕಂದು ಅಂಟಾಗಿ ಕೂತಿತ್ತು. ವೈಟ್ ಪೆಟ್ರೋಲ್‌ನಲ್ಲಿ ನೆನೆಸಿ, ಮೆತ್ತನೆ ಬ್ರಷ್‌ನಿಂದ ಥ್ರೆಡ್ ಹಾದಿಯಲ್ಲೇ ಉಜ್ಜಿ ತೆಗೆದೆ. ಎಮೆರಿ ಪೇಪರ್ ಇದರ ಹತ್ತಿರ ತರಲೇಬೇಡ. ಒಣಗಿದ ಮೇಲೆ ತೆಳು ಎಣ್ಣೆ ಒಂದೇ ಹನಿ. ಗ್ರೀಸ್ ಬೇಡ, ಅದು ಧೂಳು ಹಿಡಿಯುತ್ತೆ.

ಈಗ ಥಿಂಬಲ್ ಹಗುರಾಗಿ ತಿರುಗಿತು. ಆದರೆ 10ರಿಂದ 15 ಮಿ.ಮೀ. ನಡುವೆ ಸ್ಪಿಂಡಲ್ ಹಿಡಿದು ಹಿಂದೆ ಮುಂದೆ ದೂಡಿದರೆ ಬೆರಳಿಗೆ ಪ್ಲೇ, ಅಂದ್ರೆ ಸಡಿಲಿನ ಅಲುಗಾಟ, ಸಿಗುತ್ತಿತ್ತು. ಥ್ರೆಡ್‌ನ ಹಿಡಿತ ಹೊಂದಿಸುವ ಒಳಗಿನ ಅಡ್ಜಸ್ಟಿಂಗ್ ನಟ್ ಸ್ವಲ್ಪ ಬಿಗಿ ಮಾಡಿದೆ. ನಡುವಿನ ಪ್ಲೇ ಹೋಯಿತು, ಆದರೆ ಎರಡೂ ತುದಿಯಲ್ಲಿ ಗಟ್ಟಿ ಹಿಡಿಯಿತು. ಇದರಿಂದ ಗೊತ್ತಾಗೋದು ಏನು ಹೇಳು? ಥ್ರೆಡ್ ನಡುವೆ ಮಾತ್ರ ಸವೆದಿದೆ. ಯಾವುದೋ ವರ್ಕ್‌ಶಾಪಿನಲ್ಲಿ ಒಂದೇ ಸೈಜಿನ ಪಿನ್ನೋ ಶಾಫ್ಟೋ ವರ್ಷಗಟ್ಟಲೆ ಇದರಲ್ಲಿ ಅಳೆದಿದ್ದಾರೆ. ಈ ಸವೆತ ನಟ್ ತಿರುಗಿಸಿದರೆ ಹೋಗಲ್ಲ. ಅದಕ್ಕೆ ಪೂರ್ತಿ ಉದ್ದಕ್ಕೂ ಸಲೀಸಾಗಿ ಓಡುವ ಮಟ್ಟಕ್ಕೆ ನಟ್ ಸಡಿಲಿಸಿ ಬಿಟ್ಟೆ.

ಮುಖಗಳನ್ನು ನಮ್ಮ ಕ್ಯಾಲಿಬ್ರೇಷನ್ ರೂಮಿನಲ್ಲಿ ನೋಡಿದೆ. ಆಪ್ಟಿಕಲ್ ಫ್ಲ್ಯಾಟ್ (ತೀರಾ ಸಮತಟ್ಟಾದ ಗಾಜು) ಇಟ್ಟು ಸೋಡಿಯಂ ದೀಪದ ಹಳದಿ ಬೆಳಕಲ್ಲಿ ನೋಡಿದರೆ ಕಪ್ಪು ಗೆರೆಗಳು ಕಾಣುತ್ತವೆ. ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಎತ್ತರದ ವ್ಯತ್ಯಾಸ ಸುಮಾರು 0.3 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ). ಗೆರೆ ನೇರವಾಗಿದ್ದರೆ ಮುಖ ಸಮ. ನಿನ್ನದರಲ್ಲಿ ಆನ್ವಿಲ್ ಅಂಚಿನಲ್ಲಿ ಸ್ವಲ್ಪ ಬಾಗಿವೆ, ಉಳಿದ ಕಡೆ ನೇರ. ಇಷ್ಟು ಹಳೇದಕ್ಕೆ ಇದು ತುಂಬಾ ಚೆನ್ನಾಗಿದೆ. ಇನ್ನೂ ಎಷ್ಟು ವರ್ಷ ಕೆಲಸ ಮಾಡಿದರೂ ಈ ಗೆರೆಗಳನ್ನು ನೋಡೋದು ನನಗೆ ಬೇಜಾರಾಗಲ್ಲ. ನೀನು ಬಂದಾಗ ತೋರಿಸುತ್ತೇನೆ.

ಇಷ್ಟೆಲ್ಲಾ ಆದ ಮೇಲೆ ಕೀ ಹಾಕಿ ಝೀರೋ ಕೂರಿಸಿದೆ. ಆಮೇಲೆ ಸ್ಲಿಪ್ ಗೇಜ್ (ಖಚಿತ ಅಳತೆಯ ಉಕ್ಕಿನ ಬಿಲ್ಲೆಗಳು) ತೆಗೆದುಕೊಂಡೆ. ಇಲ್ಲಿ ಒಂದು ವಿಷಯ ಚೆನ್ನಾಗಿ ಗಮನಿಸು. 5, 10, 15, 20 ಅಂತ ರೌಂಡ್ ನಂಬರ್ ಸ್ಲಿಪ್ ಇಟ್ಟು ನೋಡಿದರೆ ಸಾಲದು. ಇದರ ಪಿಚ್, ಅಂದ್ರೆ ಒಂದು ಸುತ್ತಿಗೆ ಸ್ಪಿಂಡಲ್ ಸರಿಯುವ ದೂರ, 0.5 ಮಿ.ಮೀ., ಥಿಂಬಲ್ ಮೇಲೆ 50 ಗೀಟು. ಹಾಗಾಗಿ ಆ ಎಲ್ಲಾ ಅಳತೆಯಲ್ಲೂ ಥಿಂಬಲ್ ಬಂದು ನಿಲ್ಲೋದು ಸೊನ್ನೆ ಗೀಟಿಗೇ. ಒಂದು ಸುತ್ತಿನ ಒಳಗೆ ಇರುವ ತಪ್ಪು ಕಣ್ಣಿಗೇ ಬೀಳಲ್ಲ. ಅದಕ್ಕೇ 2.5, 5.1, 7.7, 10.3, 12.9, 15, 17.6, 20.2, 22.8, 25 ಅಂತ ಸ್ಲಿಪ್ ತೆಗೆದುಕೊಳ್ಳುತ್ತಾರೆ. ನೋಡೋಕೆ ವಿಚಿತ್ರ ನಂಬರು, ಅಲ್ವಾ? ಆದರೆ ಇವುಗಳಿಗೆ ಥಿಂಬಲ್ ಸೊನ್ನೆ, 10, 20, 30, 40 ಹೀಗೆ ಸುತ್ತಿನ ಬೇರೆ ಬೇರೆ ಕಡೆ ನಿಲ್ಲುತ್ತೆ, ಉದ್ದಕ್ಕೂ ಸುತ್ತಲೂ ಎರಡೂ ಒಟ್ಟಿಗೆ ಪರೀಕ್ಷೆ ಆಗುತ್ತೆ. ಈ ಪಟ್ಟಿ ಯೋಚನೆ ಮಾಡಿದವರ ಮೇಲೆ ನನಗೆ ನಿಜವಾಗಲೂ ಗೌರವ.

ಸ್ಲಿಪ್ ಮುಟ್ಟುವಾಗ ಕೈಯ ಬಿಸಿ ತಾಗಬಾರದು. ಅಳತೆಗೆ ಎಲ್ಲಾ ಕಡೆ ಒಪ್ಪಿರುವ ಉಷ್ಣತೆ 20 ಡಿಗ್ರಿ. 25 ಮಿ.ಮೀ. ಉಕ್ಕು 10 ಡಿಗ್ರಿ ಬಿಸಿಯಾದರೆ ಹತ್ತಿರ ಹತ್ತಿರ 3 ಮೈಕ್ರಾನ್ ಹಿಗ್ಗುತ್ತದೆ. ಹಾಗಾಗಿ ಮೈಕ್ರೋಮೀಟರ್ ಸ್ಟ್ಯಾಂಡಿಗೆ ಹಾಕಿ, ಎರಡನ್ನೂ ಒಂದೇ ಮೇಜಿನ ಮೇಲೆ ಸಾಕಷ್ಟು ಹೊತ್ತು ಬಿಟ್ಟು, ಆಮೇಲೆ ಅಳೆದೆ. ರ‍್ಯಾಚೆಟ್‌ನಿಂದ ಮಾತ್ರ ತಿರುಗಿಸಿದೆ, ಒತ್ತಡ ಪ್ರತಿ ಸಲ ಒಂದೇ ಇರಬೇಕಲ್ಲ.

7.7ರವರೆಗೆ ಚೆನ್ನಾಗಿ ಬಂತು. 10.3ಕ್ಕೆ ಸ್ವಲ್ಪ ಕಮ್ಮಿ. 12.9ಕ್ಕೆ ಅರ್ಧ ಗೀಟು, ಅಂದ್ರೆ ಸುಮಾರು 5 ಮೈಕ್ರಾನ್ ಕಮ್ಮಿ ತೋರಿಸುತ್ತೆ. 15ಕ್ಕೂ ಸ್ವಲ್ಪ ಕಮ್ಮಿಯೇ. 17.6ರಿಂದ ಮುಂದೆ ಮತ್ತೆ ಸರಿ. ಕೈಗೆ ಪ್ಲೇ ಸಿಕ್ಕಿದ ಜಾಗವೇ ಇದು. ಸವೆದ ಕಡೆ ಸ್ಪಿಂಡಲ್ ಹಿಂದಕ್ಕೆ ಸರಿಯುತ್ತೆ, ಅದಕ್ಕೆ ಥಿಂಬಲ್ ಜಾಸ್ತಿ ತಿರುಗಬೇಕು, ಓದೋದು ಕಮ್ಮಿ ಬರುತ್ತೆ. ಈ ಸೈಜಿನ ಮೈಕ್ರೋಮೀಟರ್‌ಗೆ ಸಾಮಾನ್ಯವಾಗಿ 4 ಮೈಕ್ರಾನ್ ಒಳಗಿನ ತಪ್ಪನ್ನು ಒಪ್ಪುತ್ತಾರೆ, 12.9ರಲ್ಲಿ ನಿನ್ನದು ಅದನ್ನು ದಾಟಿದೆ.

ಪೆಟ್ಟಿಗೆಯೊಳಗೆ ಹತ್ತು ಅಳತೆಯ ಚಾರ್ಟ್ ಅಂಟಿಸಿದ್ದೇನೆ, ತಾರೀಖು ಹಾಕಿ. ಲೇಥ್ ಮೇಲೆ ಕೆಲಸ ಮಾಡುವಾಗ ಧೈರ್ಯವಾಗಿ ಬಳಸು. 10ರಿಂದ 15 ಒಳಗಿನ ಫೈನಲ್ ಸೈಜಿಗೆ ಮಾತ್ರ ಬೇಡ, ಸ್ಟೋರ್‌ನಿಂದ ಬೇರೆ ಇಸ್ಕೋ. ಇಡುವಾಗ ಮುಖಗಳನ್ನು ಕೂಡಿಸಿ ಇಡಬೇಡ, ನಡುವೆ ಒಂದಿಷ್ಟು ಸಂದು ಬಿಡು. ಇಲ್ಲದಿದ್ದರೆ ಮಳೆಗಾಲದಲ್ಲಿ ಮುಖಗಳು ಕೂಡಿದ ಕಡೆಯೇ ತುಕ್ಕು ಹಿಡಿಯುತ್ತೆ. ಶನಿವಾರ ಮಾವ ವಾಪಸ್ ಬರುತ್ತಾರೆ, ಅವರ ಕೈಲಿ ಕಳಿಸುತ್ತೇನೆ. ಜೊತೆಗೆ ಚಕ್ಕುಲಿ ಡಬ್ಬ ಇದೆ. ಎರಡನ್ನೂ ಒಂದೇ ಬ್ಯಾಗಿಗೆ ಹಾಕಬೇಡ ಅಂತ ಮಾವನಿಗೆ ಹೇಳಿದ್ದೇನೆ.

ನಿನ್ನ
ಅಮ್ಮ